ಕಪ್ಪು ಪರದೆ, ಕಪ್ಪು ಕುಪ್ಯ: ಎರಡು ಫ್ಲ್ಯಾಶ್‌ನಲ್ಲಿ ಲೋ-ಕೀ ಭಾವಚಿತ್ರ

ಕುಪ್ಯ (ಕೊಡವ ಗಂಡಸರ ಕಪ್ಪು ನಿಲುವಂಗಿ) ತೊಟ್ಟ ಹಿರಿಯರೊಬ್ಬರನ್ನು ಕಪ್ಪು ಪರದೆಯ ಮುಂದೆ ಕೂರಿಸಿ ಒಂದೇ ಫ್ಲ್ಯಾಶ್‌ನಲ್ಲಿ ಚಿತ್ರ ತೆಗೆದರೆ ಸಿಗುವುದು ಕತ್ತಲಲ್ಲಿ ತೇಲುವ ಒಂದು ಮುಖ ಮತ್ತು ಎರಡು ಬಿಳಿ ತೋಳು. ಹೆಗಲು ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯದು. ಸರಿ, ಬೆಳಕು ಸಾಲದು ಎಂದು ಪವರ್ ಏರಿಸಿದರೆ ಮುಖ ಸುಣ್ಣ ಬಳಿದಂತೆ ಆಗುತ್ತದೆ, ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ, ಕುಪ್ಯ ಮಾತ್ರ ಇನ್ನೂ ಕಾಣುವುದಿಲ್ಲ.

ಬಹುಪಾಲು ಕತ್ತಲೇ ಇರುವ ಲೋ-ಕೀ ಚಿತ್ರದಲ್ಲಿ ಕಪ್ಪು ಒಂದೇ ಅಲ್ಲ, ಮೂರು. ಪರದೆಯ ಕಪ್ಪಿನಲ್ಲಿ ಏನೂ ಕಾಣಬಾರದು. ಬಟ್ಟೆಯ ಕಪ್ಪಿನಲ್ಲಿ ನೇಯ್ಗೆ, ಮಡಿಕೆ, ಹೊಲಿಗೆ ಇಷ್ಟಿಷ್ಟೇ ಕಾಣಬೇಕು. ಮುಖದ ನೆರಳು ಬದಿಯ ಕಪ್ಪಿನಲ್ಲಿ ಕೆನ್ನೆಯ ಉಬ್ಬು, ಕಣ್ಣಿನ ಮಿಂಚು ಉಳಿದಿರಬೇಕು. ಈ ಮೂರನ್ನೂ ಒಂದಕ್ಕೊಂದು ಕಲಸದೆ ಇಡುವುದೇ ಇಡೀ ಕೆಲಸ. ಆಯುಧಪೂಜೆಯ ಕೈಲ್ ಪೊಳ್ದ್, ಸುಗ್ಗಿಯ ಪುತ್ತರಿ, ಮದುವೆ ಎಂದು ಕುಟುಂಬದವರೆಲ್ಲ ಐನ್‌ಮನೆಗೆ (ಮನೆತನದ ಮೂಲಮನೆ) ಬಂದು ಸೇರುವ ದಿನಗಳಲ್ಲೇ ಹಿರಿಯರು ಪೂರ್ತಿ ಉಡುಪಿನಲ್ಲಿ ಸಿಗುವುದು. ಅಂಥ ದಿನ ಅವರು ಕುರ್ಚಿಯಲ್ಲಿ ಕೂರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆದ್ದರಿಂದ ಎಲ್ಲವನ್ನೂ ಅವರು ಬರುವ ಮೊದಲೇ ಸಿದ್ಧ ಮಾಡಿ, ಬೇರೆ ಯಾರನ್ನಾದರೂ ಅದೇ ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿ ಮುಗಿಸಿರಬೇಕು. ಪರೀಕ್ಷೆಗೆ ಕೂತವರೂ ಕಪ್ಪು ಬಟ್ಟೆಯನ್ನೇ ಹೊದ್ದಿರಲಿ. ಬಿಳಿ ಅಂಗಿಯವರ ಮೇಲೆ ಹೊಂದಿಸಿದ ಬೆಳಕು ಕುಪ್ಯಕ್ಕೆ ಹೊಂದುವುದಿಲ್ಲ.

ಜಾಗ ಯಾವುದು

ಸಣ್ಣ ಬಿಳಿ ಕೋಣೆ ಈ ಕೆಲಸಕ್ಕೆ ಶತ್ರು. ಸಾಫ್ಟ್‌ಬಾಕ್ಸ್‌ನಿಂದ (ಫ್ಲ್ಯಾಶ್‌ನ ಬೆಳಕನ್ನು ಮೆದುಮಾಡುವ ಬಟ್ಟೆಯ ಪೆಟ್ಟಿಗೆ) ಹೊರಟ ಬೆಳಕು ಎದುರು ಗೋಡೆಗೆ ಬಡಿದು, ತಾರಸಿಗೆ ಬಡಿದು, ನೀವು ಬಯಸದ ಕಡೆಯಿಂದ ಮುಖಕ್ಕೆ ವಾಪಸ್ ಬರುತ್ತದೆ. ನೆರಳು ತಿಳಿಯಾಗುತ್ತದೆ, ಪರದೆಯ ಮಡಿಕೆಗಳು ಎದ್ದು ಕಾಣುತ್ತವೆ. ಎತ್ತರದ ಹೆಂಚಿನ ಮಾಡು ಇರುವ ಹಳೆ ಮನೆಯ ನಡುಕೋಣೆ ಇದಕ್ಕಿಂತ ಎಷ್ಟೋ ಮೇಲು. ಕಪ್ಪಾದ ಮರದ ತೊಲೆ, ಕಂಬಗಳು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಕಾಫಿ ಗೋಡೌನ್. ಮೂಟೆ ಖಾಲಿಯಾಗಿರುವ ತಿಂಗಳುಗಳಲ್ಲಿ ಐದಾರು ಮೀಟರ್ ಉದ್ದದ ಕತ್ತಲೆ ಜಾಗ ಬೇಕೆಂದರೆ ತೋಟದ ಮನೆಯಲ್ಲಿ ಅದಕ್ಕಿಂತ ಬೇರೆ ಸ್ಟುಡಿಯೋ ಬೇಡ. ಧೂಳು ಮಾತ್ರ ವಿಪರೀತ: ಒಂದು ಗಂಟೆ ಮೊದಲೇ ಗುಡಿಸಿ ನೀರು ಚಿಮುಕಿಸಿ. ಗಾಳಿಯಲ್ಲಿ ತೇಲುವ ಧೂಳಿನ ಕಣಗಳು ಹಿಂಬದಿಯ ಫ್ಲ್ಯಾಶ್ ಬಿದ್ದಾಗ ಬಿಳಿ ಚುಕ್ಕಿಗಳಾಗಿ ಕಾಣುತ್ತವೆ.

ಬಿಳಿ ಕೋಣೆ ಬಿಟ್ಟರೆ ಗತಿಯಿಲ್ಲ ಎಂದಾದರೆ, ಕೂತವರ ನೆರಳು ಬದಿಗೆ ಒಂದು ಕಪ್ಪು ಬಟ್ಟೆಯನ್ನು ಅವರಿಂದ ಅರ್ಧ ಮೀಟರ್‌ನಷ್ಟು ಹತ್ತಿರಕ್ಕೆ ನಿಲ್ಲಿಸಿ. ಗೋಡೆಯಿಂದ ತಿರುಗಿ ಬರುವ ಬೆಳಕು ಅಲ್ಲೇ ಸಾಯುತ್ತದೆ.

ಹಿಂದಿನ ಪರದೆಗೆ ಕಪ್ಪು ಮಖಮಲ್ ಬಟ್ಟೆಯೇ ಶ್ರೇಷ್ಠ, ಅದರ ಜುಂಗು ಬೆಳಕನ್ನು ಕುಡಿದುಬಿಡುತ್ತದೆ. ಕಪ್ಪು ಕಾಟನ್ ಬೂದಾಗಿ ಕಾಣುವ ಸಾಧ್ಯತೆ ಹೆಚ್ಚು, ಸ್ಯಾಟಿನ್ ಹೊಳೆಯುತ್ತದೆ, ಅದನ್ನು ಮುಟ್ಟಲೇಬೇಡಿ. ಮನೆಯಲ್ಲಿ ಹಳೆಯ ಕರಿ ಕಂಬಳಿ ಇದ್ದರೆ ಧಾರಾಳವಾಗಿ ಬಳಸಿ, ಉಣ್ಣೆಯೂ ಮಖಮಲ್‌ನಂತೆಯೇ ಬೆಳಕು ಹೀರುತ್ತದೆ. ಅರ್ಧಾಕೃತಿ ಚಿತ್ರಕ್ಕೆ ಎರಡು ಮೀಟರ್ ಅಗಲ ಸಾಕು.

ಬಟ್ಟೆಗಿಂತ ಮುಖ್ಯವಾದದ್ದು ದೂರ. ಫ್ಲ್ಯಾಶ್‌ನಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್ (ಬೆಳಕು ಒಮ್ಮೆ ಅರ್ಧವಾದರೆ ಒಂದು ಸ್ಟಾಪ್). ಫ್ಲ್ಯಾಶ್ ಮುಖದಿಂದ 1 ಮೀಟರ್, ಪರದೆ ಮುಖದಿಂದ 3 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಪರದೆಗೆ ಬೀಳುವುದು ಮುಖದ ಬೆಳಕಿನ 1/16 ಮಾತ್ರ, ನಾಲ್ಕು ಸ್ಟಾಪ್ ಕಡಿಮೆ. ಅದೇ ಫ್ಲ್ಯಾಶ್ ಅನ್ನು 3 ಮೀಟರ್ ದೂರ ಇಟ್ಟರೆ ಪರದೆಗೆ 1/4 ಭಾಗ ತಲುಪುತ್ತದೆ, ಬರೇ ಎರಡು ಸ್ಟಾಪ್ ವ್ಯತ್ಯಾಸ. ಪರದೆ ಬೂದಾಗುವುದು ಇದರಿಂದಲೇ. ಪರದೆ ಕಪ್ಪಾಗಬೇಕೆಂದರೆ ಫ್ಲ್ಯಾಶ್ ಮುಖಕ್ಕೆ ಹತ್ತಿರ, ಮನುಷ್ಯ ಪರದೆಗೆ ದೂರ.

ಬೇಕಾದ ಸಾಮಾನು

ಮ್ಯಾನ್ಯುವಲ್ ಪವರ್ ಇರುವ ಎರಡು ಸ್ಪೀಡ್‌ಲೈಟ್, ಅವನ್ನು ದೂರದಿಂದ ಹೊಡೆಸುವ 2.4 ಗಿಗಾಹರ್ಟ್ಸ್ ರೇಡಿಯೋ ಟ್ರಿಗರ್ ಒಂದು, ಎರಡು ಸ್ಟ್ಯಾಂಡ್, ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಇರುವ 60 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್. ಕೊಡೆಯೂ ಆಗುತ್ತದೆ, ಆದರೆ ಅದರ ಬೆಳಕು ಸುತ್ತೆಲ್ಲ ಚೆಲ್ಲುವುದರಿಂದ ಕೋಣೆ ದೊಡ್ಡದಾಗಿದ್ದರೆ ಮಾತ್ರ. ಸಾಫ್ಟ್‌ಬಾಕ್ಸ್‌ನೊಳಗೆ ಫ್ಲ್ಯಾಶ್‌ನ ಝೂಮ್ 24 ಅಥವಾ 35ಕ್ಕೆ ಇರಲಿ. 105ಕ್ಕೆ ಬಿಟ್ಟರೆ ಬಟ್ಟೆಯ ನಡುವೆ ಮಾತ್ರ ಬೆಳಗಿ, ಅಂಚು ಕತ್ತಲಾಗಿ, ಸಾಫ್ಟ್‌ಬಾಕ್ಸ್ ಕೊಂಡದ್ದೇ ದಂಡವಾಗುತ್ತದೆ.

ಎರಡನೇ ಫ್ಲ್ಯಾಶ್‌ಗೆ ಗ್ರಿಡ್ ಇಲ್ಲದಿದ್ದರೆ ಕಪ್ಪು ಚಾರ್ಟ್ ಪೇಪರ್ ಅನ್ನು ಫ್ಲ್ಯಾಶ್ ತಲೆಗೆ ಸುತ್ತಿ 20 ಸೆಂಟಿಮೀಟರ್ ಉದ್ದದ ಕೊಳವೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಇದೇ ಸ್ನೂಟ್. ಉದ್ದ ಹೆಚ್ಚಿದಷ್ಟೂ ಬೆಳಕಿನ ವೃತ್ತ ಕಿರಿದಾಗುತ್ತದೆ. ಇದರ ಜೊತೆಗೆ ಕಪ್ಪು ಚಾರ್ಟ್ ಅಂಟಿಸಿದ ರಟ್ಟು ಎರಡು, ಸುಮಾರು 30×40 ಸೆಂಟಿಮೀಟರ್. ಒಂದು ಬಿಳಿ ಥರ್ಮೊಕೋಲ್ ಹಾಳೆ. ಅಂಗೈ ಅಗಲದ ಬಿಳಿ ಕಾರ್ಡ್ ಒಂದು. ಸ್ಟ್ಯಾಂಡ್ ಬೀಳದಂತೆ ನೀರು ತುಂಬಿದ ಎರಡು ಲೀಟರ್ ಬಾಟಲ್ ತೂಗುಹಾಕಿದರೆ ಆಯಿತು. ಮಕ್ಕಳು ಓಡಾಡುವ ಹಬ್ಬದ ಮನೆಯಲ್ಲಿ ಇದನ್ನು ಮರೆಯಬೇಡಿ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಪ್ರತಿ ಫ್ಲ್ಯಾಶ್‌ಗೆ ನಾಲ್ಕು ರೀಚಾರ್ಜಬಲ್ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಅಂಥದೇ ಇನ್ನೊಂದು ಸೆಟ್ ಜೇಬಿನಲ್ಲಿ. ಅಂಗಡಿಯ ಸಾಮಾನ್ಯ ಆಲ್ಕಲೈನ್ ಸೆಲ್‌ಗಳಲ್ಲಿ ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಕು. ಹಳೆಯದು ಹೊಸದು ಕಲಸಿ ಹಾಕಬೇಡಿ. ಕರೆಂಟ್ ಹೋಗುವುದು ಮಳೆಗಾಲದ ಮಾಮೂಲು, ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ. ಅಟ್ಟದ ಮೇಲಿಂದ ಇಳಿಸಿದ ಫಿಲ್ಮ್ ಕಾಲದ ಫ್ಲ್ಯಾಶ್ ಇದ್ದರೆ ನೇರವಾಗಿ ಡಿಜಿಟಲ್ ಕ್ಯಾಮೆರಾದ ಹಾಟ್‌ಶೂಗೆ ಹಾಕಬೇಡಿ. ಅವುಗಳಲ್ಲಿ ಕೆಲವು ನೂರು ವೋಲ್ಟ್‌ಗೂ ಮೀರಿದ ಟ್ರಿಗರ್ ವೋಲ್ಟೇಜ್ ಕೊಡುತ್ತವೆ, ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು.

ಮೊದಲು ಕತ್ತಲು

ಎಲ್ಲ ಫ್ಲ್ಯಾಶ್ ಆಫ್ ಮಾಡಿ. ಕ್ಯಾಮೆರಾ ಮ್ಯಾನ್ಯುವಲ್ ಮೋಡ್‌ನಲ್ಲಿ, ಐಎಸ್‌ಒ 100, ಶಟರ್ 1/200, ಅಪರ್ಚರ್ ಎಫ್ 5.6. ಒಂದು ಚಿತ್ರ ತೆಗೆಯಿರಿ. ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಅದು ಕಿಟಕಿಯದೋ ಟ್ಯೂಬ್‌ಲೈಟ್‌ನದೋ ಬೆಳಕು. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಆಗಲೂ ಕಂಡರೆ ಎಫ್ 8ಕ್ಕೆ ಹೋಗಿ. ಶಟರ್ ಮಾತ್ರ ಏರಿಸಬೇಡಿ. ಬಹಳಷ್ಟು ಕ್ಯಾಮೆರಾಗಳ ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) 1/200 ಅಥವಾ 1/250; ದಾಟಿದರೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಕಪ್ಪು ಪರದೆಯ ಚಿತ್ರದಲ್ಲಿ ಆ ಪಟ್ಟಿ ಮೊದಲಿಗೆ ಗೊತ್ತೇ ಆಗುವುದಿಲ್ಲ, ಮನೆಗೆ ಹೋಗಿ ನೋಡಿದಾಗ ಮೊಣಕೈ ಇರುವುದಿಲ್ಲ.

ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ ಇಲ್ಲೊಂದು ತೊಡಕು: ಈ ಸೆಟ್ಟಿಂಗ್ ಹಾಕಿದ ಕೂಡಲೇ ವ್ಯೂಫೈಂಡರ್ ಕಪ್ಪಾಗುತ್ತದೆ, ಎದುರು ಕೂತವರೇ ಕಾಣುವುದಿಲ್ಲ. ಕೆನಾನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್, ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್, ಫ್ಯೂಜಿಯಲ್ಲಿ ಮ್ಯಾನ್ಯುವಲ್ ಮೋಡ್‌ನ ಎಕ್ಸ್‌ಪೋಶರ್ ಪ್ರಿವ್ಯೂ, ಹೀಗೆ ಒಂದೊಂದರಲ್ಲಿ ಒಂದೊಂದು ಹೆಸರು. ಅದನ್ನು ಆಫ್ ಮಾಡಿ. ಫೋಕಸ್‌ಗಾಗಿ ಒಬ್ಬರ ಕೈಯಲ್ಲಿ ಟಾರ್ಚ್ ಕೊಟ್ಟು ಕೆನ್ನೆಯ ಮೇಲೆ ಹಿಡಿಸಿ, ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿಗೆ ಫೋಕಸ್ ಹಿಡಿದು, ಟಾರ್ಚ್ ಆರಿಸಿ ಕ್ಲಿಕ್ ಮಾಡಿ.

ಟಿಟಿಎಲ್ (ಫ್ಲ್ಯಾಶ್‌ನ ಪವರ್ ಅನ್ನು ಕ್ಯಾಮೆರಾವೇ ನಿರ್ಧರಿಸುವ ವಿಧಾನ) ಬೇಡ. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು ಕಂಡರೆ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಫ್ಲ್ಯಾಶ್ ಏರಿಸುತ್ತದೆ, ಮುಖ ಸುಟ್ಟುಹೋಗುತ್ತದೆ. ವೈಟ್ ಬ್ಯಾಲೆನ್ಸ್ ಫ್ಲ್ಯಾಶ್ ಗುರುತಿಗೆ ಅಥವಾ 5500 ಕೆಲ್ವಿನ್‌ಗೆ ಕಟ್ಟಿಹಾಕಿ. ರಾ ಫೈಲ್‌ನಲ್ಲೇ ತೆಗೆಯಿರಿ: ಜೆಪೆಗ್‌ನ ನೆರಳನ್ನು ಆಮೇಲೆ ಸ್ವಲ್ಪ ಎತ್ತಿದರೂ ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ.

ಮುಖದ ಬೆಳಕು

ಸಾಫ್ಟ್‌ಬಾಕ್ಸ್ ಕ್ಯಾಮೆರಾದ ಎಡಕ್ಕೆ, ಮುಖದಿಂದ 1 ಮೀಟರ್, ಪಕ್ಕಕ್ಕೆ ಸುಮಾರು 45 ಡಿಗ್ರಿ. ಎತ್ತರಕ್ಕೆ ಎಲ್ಲರೂ 45 ಡಿಗ್ರಿ ಎಂದೇ ಹೇಳುತ್ತಾರೆ. ಬರಿ ತಲೆಗೆ ಅದು ಸರಿ. ಮಂಡೆತುಣಿ (ತಲೆಯ ಪೇಟ) ಇದ್ದರೆ ಅದರ ಅಂಚಿನ ನೆರಳು ಹಣೆಗೆ ಬೀಳುತ್ತದೆ, ವಯಸ್ಸಾದವರ ಕಣ್ಣು ಗುಳಿಬಿದ್ದಿದ್ದರೆ ಕಣ್ಣೇ ಮುಚ್ಚಿಹೋಗುತ್ತದೆ. ಆಗ ಸ್ಟ್ಯಾಂಡ್ ಇಳಿಸಿ 25-30 ಡಿಗ್ರಿಗೆ ತನ್ನಿ. ಅಳತೆಪಟ್ಟಿ ಬೇಡ: ಎರಡು ಕಣ್ಣಲ್ಲೂ ಸಾಫ್ಟ್‌ಬಾಕ್ಸ್‌ನ ಚೌಕ ಪ್ರತಿಬಿಂಬ ಕಾಣುವವರೆಗೆ ಇಳಿಸುತ್ತಾ ಬನ್ನಿ. ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ ಆ ಬಿಳಿ ಚುಕ್ಕೆ ಇದ್ದರೆ ಸರಿಯಾಗಿದೆ.

ಪವರ್ ಪೂರ್ತಿಯ 1/8ರಿಂದ ಶುರುಮಾಡಿ. ಚಿತ್ರ ನೋಡಿ, ಹಣೆ ಅಥವಾ ಮೂಗಿನ ತುದಿ ಮಿನುಗುವ ಎಚ್ಚರಿಕೆ ತೋರಿಸಿದರೆ 1/16. ಮುಖ ಮಬ್ಬೆನಿಸಿದರೆ 1/4. ಹಿಸ್ಟೋಗ್ರಾಮ್‌ನಲ್ಲಿ (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ಗುಡ್ಡೆಯೆಲ್ಲ ಎಡಕ್ಕೇ ಇರುತ್ತದೆ, ಅದು ತಪ್ಪಲ್ಲ. ನೋಡಬೇಕಾದದ್ದು ಬಲತುದಿಯ ಸಣ್ಣ ಬಾಲ, ಅದು ಅಂಚಿಗೆ ಅಂಟಬಾರದು.

ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಬೀಳಬೇಕು. ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟಿದಾಗ ಆ ತ್ರಿಕೋನ ಪೂರ್ತಿಯಾಗುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಲ್ಲಿ ಕರೆಯುವ ಬೆಳಕು ಇದೇ. ತ್ರಿಕೋನ ಇಲ್ಲದೆ ಆ ಬದಿ ಪೂರ್ತಿ ಕಪ್ಪಾಗಿದ್ದರೆ ಸಾಫ್ಟ್‌ಬಾಕ್ಸ್ ಅನ್ನು ಕ್ಯಾಮೆರಾ ಕಡೆಗೆ ಒಂದು ಅಡಿ ತನ್ನಿ. ತೀರಾ ಅಗಲವಾಗಿದ್ದರೆ ಆಚೆಗೆ ಸರಿಸಿ. ಸುಕ್ಕುಗಳು ಆಳವಾಗಿ ಕಾಣುತ್ತಿದ್ದರೆ ನೆರಳು ಬದಿಗೆ ಥರ್ಮೊಕೋಲ್ ಹಾಳೆಯನ್ನು 1 ಮೀಟರ್ ದೂರ ನಿಲ್ಲಿಸಿ, ಅಲ್ಲಿಂದ ಹಿಂದೆ ಹಿಂದೆ ಸರಿಸುತ್ತಾ ನೆರಳಿನ ಆಳ ಹೊಂದಿಸಿಕೊಳ್ಳಿ. ಸುಕ್ಕು ಅಳಿಸಬೇಡಿ, ಆ ಮುಖದ ಸೊಗಸೇ ಅದು.

ಈಗ ಬಿಳಿ ತೋಳು. ಕುಪ್ಯದ ತೋಳು ಮೊಣಕೈಗೇ ನಿಲ್ಲುವುದರಿಂದ ಒಳಗಿನ ಬಿಳಿ ಅಂಗಿಯ ತೋಳು ಮುಂಗೈವರೆಗೆ ಹೊರಗೆ ಕಾಣುತ್ತದೆ. ಮುಖಕ್ಕೆ ಹೊಂದಿಸಿದ ಬೆಳಕಿನಲ್ಲಿ ಆ ಬಿಳುಪು ಮುಖಕ್ಕಿಂತ ಮೊದಲು ಕಣ್ಣು ಸೆಳೆಯುತ್ತದೆ. ಇದಕ್ಕೆ ಎರಡು ಉಪಾಯ. ಒಂದು, ಸಾಫ್ಟ್‌ಬಾಕ್ಸ್ ಅನ್ನು ನೇರ ಮುಖಕ್ಕೆ ಗುರಿಯಿಡದೆ, ಅವರ ಮೂಗಿನ ಮುಂದೆ ಒಂದಡಿ ಗಾಳಿಗೆ ಗುರಿಯಿಡುವುದು. ಬೆಳಕಿನ ಅಂಚು ಮಾತ್ರ ಮುಖಕ್ಕೆ ತಾಗುತ್ತದೆ, ಪರದೆಗೂ ಕಡಿಮೆ ಚೆಲ್ಲುತ್ತದೆ. ಇನ್ನೊಂದು, ಕಪ್ಪು ರಟ್ಟನ್ನು ಸಾಫ್ಟ್‌ಬಾಕ್ಸ್‌ನ ಕೆಳತುದಿಯಿಂದ ಒಂದು ಗೇಣು ಮುಂದೆ, ತೋಳಿನ ದಾರಿಗೆ ಅಡ್ಡವಾಗಿ ಹಿಡಿಯುವುದು. ತೀರಾ ತೋಳಿನ ಹತ್ತಿರ ಹಿಡಿದರೆ ನೆರಳಿನ ಗೆರೆ ಚೂಪಾಗಿ ಕಾಣುತ್ತದೆ, ಸಾಫ್ಟ್‌ಬಾಕ್ಸ್ ಕಡೆಗಿದ್ದರೆ ಗೆರೆ ಕರಗುತ್ತದೆ. ಬಿಳಿ ತೋಳು ಮುಖಕ್ಕಿಂತ ಒಂದು ಸ್ಟಾಪ್‌ನಷ್ಟಾದರೂ ಇಳಿದಂತೆ ಕಂಡರೆ ಸಾಕು, ಅಂಗಿಯ ಮಡಿಕೆಗಳು ತೋರುತ್ತವೆ.

ಹೆಗಲಿನ ಗೆರೆ

ಕುಪ್ಯವನ್ನು ಪರದೆಯಿಂದ ಬಿಡಿಸುವುದು ಎರಡನೇ ಫ್ಲ್ಯಾಶ್. ಮೊದಲನೆಯದಕ್ಕೆ ಸರಿಯಾಗಿ ಎದುರು ಮೂಲೆಯಲ್ಲಿ, ಅಂದರೆ ಕೂತವರ ಹಿಂದೆ ಕ್ಯಾಮೆರಾದ ಬಲಕ್ಕೆ, ಹೆಗಲಿನಿಂದ 1.5 ಮೀಟರ್ ದೂರದಲ್ಲಿ ಇಡಿ. ಎತ್ತರ ತಲೆಗಿಂತ ಅರ್ಧ ಅಡಿ ಮೇಲೆ. ಗ್ರಿಡ್ ಅಥವಾ ಸ್ನೂಟ್ ಹಾಕಿ ಝೂಮ್ 105ಕ್ಕೆ, ಪವರ್ 1/32.

ಇದನ್ನು ಹೊಂದಿಸುವಾಗ ಮುಖದ ಫ್ಲ್ಯಾಶ್ ಆಫ್ ಆಗಿರಲಿ. ಒಂದೊಂದು ಬೆಳಕನ್ನೂ ಒಂಟಿಯಾಗಿ ನೋಡದೆ ಎರಡನ್ನೂ ಒಟ್ಟಿಗೆ ಹಚ್ಚಿದರೆ ಯಾವ ತಪ್ಪು ಯಾವುದರದ್ದು ಎಂದು ಹುಡುಕುವುದರಲ್ಲೇ ಹಿರಿಯರ ಇಪ್ಪತ್ತು ನಿಮಿಷ ಮುಗಿಯುತ್ತದೆ. ಒಂಟಿಯಾಗಿ ಹೊಡೆದಾಗ ಕಾಣಬೇಕಾದದ್ದು: ಮಂಡೆತುಣಿಯ ಅಂಚು, ಕಿವಿಯ ಮೇಲ್ಭಾಗ, ಕತ್ತಿನ ಬದಿ, ಹೆಗಲಿನಿಂದ ಮೊಣಕೈವರೆಗೆ ಇಳಿಯುವ ಒಂದು ಸಣ್ಣ ಬೆಳ್ಳಿ ಗೆರೆ. ಗೆರೆ ಬೆರಳಿನ ದಪ್ಪಕ್ಕಿಂತ ಹೆಚ್ಚಾದರೆ ಫ್ಲ್ಯಾಶ್ ಅನ್ನು ಇನ್ನಷ್ಟು ಹಿಂದಕ್ಕೆ ಒಯ್ಯಿರಿ. ಮೂಗಿನ ತುದಿಗೆ ಬೆಳಕು ತಾಗಿದರೆ ಅದು ಅತಿಯಾಗಿ ಮುಂದಿದೆ ಎಂದರ್ಥ. ಕಿವಿ ಕೆಂಪಾಗಿ ಉರಿಯುವಂತೆ ಕಂಡರೆ ಪವರ್ ಇಳಿಸಿ 1/64. ಬಟ್ಟೆ ಹಳೆಯದಾಗಿ ಒರಟಾಗಿದ್ದರೆ ಅದು ಹೆಚ್ಚು ಬೆಳಕು ನುಂಗುತ್ತದೆ, 1/16 ಬೇಕಾಗುತ್ತದೆ. ಆಗ ಕಿವಿಗೆ ರಟ್ಟಿನ ಮರೆ ಹಿಡಿದು ಹೆಗಲಿಗೆ ಮಾತ್ರ ಬೀಳಿಸಿ. ಬೆಳಕು ನೇರ ಲೆನ್ಸ್‌ಗೆ ಬಡಿದರೆ ಇಡೀ ಚಿತ್ರ ಹಾಲು ಕಲಸಿದಂತೆ ಬಿಳಿಚಿ, ಮೂರು ಕಪ್ಪೂ ಒಂದೇ ಬೂದಾಗುತ್ತದೆ. ಲೆನ್ಸ್ ಹುಡ್ ಹಾಕಿ, ಸಾಲದಿದ್ದರೆ ಫ್ಲ್ಯಾಶ್ ಮತ್ತು ಕ್ಯಾಮೆರಾದ ನಡುವೆ ಎರಡನೇ ರಟ್ಟು ನಿಲ್ಲಿಸಿ.

ಮದುಮಗನ ಕುಪ್ಯ ಬಿಳಿ. ಅವನಿಗೆ ಈ ಹಿಂಬೆಳಕು ಬಹುತೇಕ ಬೇಡವೇ ಬೇಡ. ಮುಖದ ಬೆಳಕಿಗೆ ಗ್ರಿಡ್ ಹಾಕಿ ಎದೆಯ ಕೆಳಗೆಲ್ಲ ರಟ್ಟಿನಿಂದ ಮರೆಮಾಡಿದರೆ ಬಿಳಿ ಬಟ್ಟೆ ತಾನಾಗಿ ಕತ್ತಲಿಗೆ ಜಾರುತ್ತದೆ.

ಕೂರಿಸುವುದು

ಕೈಯಿರುವ ಮರದ ಕುರ್ಚಿ, ಮೆತ್ತನೆಯ ಸೋಫಾ ಬೇಡ. ಸೋಫಾದಲ್ಲಿ ಬೆನ್ನು ಕುಸಿದು ಕತ್ತು ಹೆಗಲೊಳಗೆ ಇಳಿಯುತ್ತದೆ. ಕುರ್ಚಿಯ ಮುಂದಿನ ಅರ್ಧದಲ್ಲಿ ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕುರ್ಚಿಯನ್ನು ಕ್ಯಾಮೆರಾಕ್ಕೆ ನೇರ ಇಡದೆ 30 ಡಿಗ್ರಿಯಷ್ಟು ಬೆಳಕಿನ ಕಡೆಗೆ ತಿರುಗಿಸಿ, ಮುಖವೂ ಅತ್ತಲೇ ಸ್ವಲ್ಪ ತಿರುಗಲಿ, ಕಣ್ಣು ಮಾತ್ರ ಲೆನ್ಸ್ ಕಡೆಗೆ. ಆಗ ಕ್ಯಾಮೆರಾಕ್ಕೆ ಅಗಲವಾಗಿ ಕಾಣುವ ಕೆನ್ನೆ ನೆರಳಿನಲ್ಲಿರುತ್ತದೆ, ಆಚೆಯ ಕಿರಿದಾದ ಕೆನ್ನೆ ಬೆಳಗುತ್ತದೆ. ಲೋ-ಕೀಗೆ ಇದೇ ಹದ. ಮುಖವನ್ನು ಅತಿಯಾಗಿ ತಿರುಗಿಸಿದರೆ ಲೆನ್ಸ್ ನೋಡಲು ಕಣ್ಣುಗುಡ್ಡೆ ಮೂಲೆಗೆ ಹೋಗಿ ಬಿಳಿಭಾಗವೇ ಹೆಚ್ಚು ಕಾಣುತ್ತದೆ, ಅಂಜಿದಂತೆ ಇರುತ್ತದೆ.

ಗಲ್ಲದ ಕೆಳಗಿನ ಜೋಲಿಗೆ ‘ಗಲ್ಲ ಕೆಳಗೆ ಮಾಡಿ’ ಎಂದರೆ ಕತ್ತು ಮಡಿಸಿ ಇನ್ನೂ ಹೆಚ್ಚು ಮಾಡಿಕೊಳ್ಳುತ್ತಾರೆ. ‘ಅಜ್ಜ, ಹಣೆ ಒಂಚೂರು ನನ್ನ ಕಡೆ ತನ್ನಿ’ ಎನ್ನಿ. ಹಣೆ ಮುಂದೆ ಬಂದಾಗ ಕತ್ತು ಚಾಚುತ್ತದೆ, ದವಡೆಯ ಗೆರೆ ಬಿಡಿಯಾಗಿ ಕಾಣುತ್ತದೆ. ಕೂತವರಿಗೆ ಇದು ವಿಚಿತ್ರ ಅನಿಸುತ್ತದೆ. ಒಂದು ಚಿತ್ರ ತೋರಿಸಿಬಿಡಿ, ಆಮೇಲೆ ಅವರೇ ಮಾಡುತ್ತಾರೆ.

ಕನ್ನಡಕ ತೆಗೆಸಬೇಡಿ, ದಿನಾ ಕನ್ನಡಕದಲ್ಲೇ ಕಂಡವರನ್ನು ಮನೆಯವರು ಕನ್ನಡಕವಿಲ್ಲದೆ ಗುರುತಿಸುವುದೇ ಕಷ್ಟ. ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಹೊಳೆದರೆ ಕಿವಿಯ ಮೇಲಿನ ಕಡ್ಡಿಯನ್ನು ಅರ್ಧ ಸೆಂಟಿಮೀಟರ್ ಎತ್ತಿ, ಗಾಜು ನೆಲದ ಕಡೆಗೆ ವಾಲುತ್ತದೆ, ಹೊಳಪು ಕೆಳಗಿಳಿದು ಚೌಕಟ್ಟಿನ ಹೊರಗೆ ಹೋಗುತ್ತದೆ. ಹೋಗದಿದ್ದರೆ ಬೆಳಕನ್ನು ಇನ್ನೂ ಪಕ್ಕಕ್ಕೆ ಸರಿಸಿ.

ಕೈಗೆ ಏನಾದರೂ ಹಿಡಿಯಲು ಕೊಡಿ: ಊರುಗೋಲು, ಕುರ್ಚಿಯ ಕೈ, ಸೊಂಟಕ್ಕೆ ಸಿಕ್ಕಿಸುವ ಬಾಕು ಪೀಚೆಕತ್ತಿಯ ಹಿಡಿ. ಹಸ್ತದ ಹಿಂಭಾಗ ಅಗಲವಾಗಿ ಕ್ಯಾಮೆರಾಕ್ಕೆ ಕಾಣದೆ ಕಿರುಬೆರಳಿನ ಬದಿ ಕಾಣಲಿ. ಸಾಫ್ಟ್‌ಬಾಕ್ಸ್ ಮುಖಕ್ಕೆ 80 ಸೆಂಟಿಮೀಟರ್ ಹತ್ತಿರವಿದ್ದು ಮಡಿಲಿನ ಕೈಗೆ 130 ಸೆಂಟಿಮೀಟರ್ ಇದ್ದರೆ ಕೈ ಸುಮಾರು ಒಂದೂವರೆ ಸ್ಟಾಪ್ ಕತ್ತಲಾಗುತ್ತದೆ. ಹೆಚ್ಚಿನ ಸಲ ಅದು ಒಳ್ಳೆಯದೇ. ಕೈಯೂ ಚೆನ್ನಾಗಿ ಕಾಣಬೇಕೆಂದರೆ ಕೈಯನ್ನೇ ಎದೆಯ ಮಟ್ಟಕ್ಕೆ, ಕೋಲಿನ ತುದಿಯ ಮೇಲೆ ತರಿಸಿ.

ಕೈಲ್ ಪೊಳ್ದ್ ದಿನ ಕೋವಿಯೊಡನೆ ಚಿತ್ರ ಕೇಳುವವರಿದ್ದಾರೆ. ಕೋವಿಯ ಒಡೆಯರೇ ಅದನ್ನು ತೆರೆದು ಖಾಲಿ ಇದೆ ಎಂದು ನಿಮಗೆ ತೋರಿಸಿದ ಮೇಲೆಯೇ ಕೈಗೆ ಕೊಡಲಿ, ನಳಿಗೆ ಯಾರ ಕಡೆಗೂ ತಿರುಗದಿರಲಿ. ನಳಿಗೆಯ ಉದ್ದಕ್ಕೂ ಹಿಂಬದಿಯ ಬೆಳಕಿನ ಒಂದೇ ಎಳೆ ಓಡುವಂತೆ ಕೋನ ಹೊಂದಿಸಿದರೆ ಬೇರೆ ಬೆಳಕು ಬೇಡ.

ಚೇಲೆ, ಪೀಚೆಕತ್ತಿ, ಚಿನ್ನ

ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ ಮೋಸ ಮಾಡುತ್ತದೆ. ಸಾಮಾನ್ಯ ಹಿಸ್ಟೋಗ್ರಾಮ್ ಎಲ್ಲ ಸರಿ ಎಂದು ತೋರಿಸುವಾಗಲೂ ಕೆಂಪು ಚಾನೆಲ್ ಒಂದೇ ತುಂಬಿ ಹೋಗಿರಬಹುದು. ಆಗ ರೇಷ್ಮೆಯ ಮಡಿಕೆಗಳೆಲ್ಲ ಮಾಯವಾಗಿ ಕೆಂಪು ಬಣ್ಣದ ಪಟ್ಟಿ ಅಂಟಿಸಿದಂತೆ ಕಾಣುತ್ತದೆ. ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿಟ್ಟು ಕೆಂಪಿನದನ್ನೇ ನೋಡಿ. ಅಂಚಿಗೆ ತಾಗಿದ್ದರೆ ತೋಳಿಗೆ ಹಿಡಿದ ಅದೇ ರಟ್ಟನ್ನು ಸೊಂಟದವರೆಗೆ ಇಳಿಸಿ.

ಪೀಚೆಕತ್ತಿಯ ಬೆಳ್ಳಿ ಕೆಲಸ ಬೆಳಕಿಗೆ ಕನ್ನಡಿ ಇದ್ದ ಹಾಗೆ: ಅದರ ಎದುರು ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರು ಕತ್ತಲಿದ್ದರೆ ಬೆಳ್ಳಿಯೂ ಕಪ್ಪು. ಹೆಚ್ಚು ಬೆಳಕು ಹೊಡೆದರೆ ಒಂದೆರಡು ಬಿಳಿ ಚುಕ್ಕೆ ಸಿಡಿಯುತ್ತದೆಯೇ ಹೊರತು ಕೆತ್ತನೆ ಕಾಣುವುದಿಲ್ಲ. ಅಂಗೈ ಅಗಲದ ಬಿಳಿ ಕಾರ್ಡ್ ಅನ್ನು ಚೌಕಟ್ಟಿನ ಕೆಳಗೆ, ಕೂತವರ ಮಂಡಿಯ ಮೇಲೆ ಕತ್ತಿಯ ಕಡೆಗೆ ವಾಲಿಸಿ ಇಡಿ. ಸಾಫ್ಟ್‌ಬಾಕ್ಸ್‌ನ ಬೆಳಕು ಕಾರ್ಡ್‌ಗೆ ಬಿದ್ದು, ಕಾರ್ಡ್‌ನ ಬಿಳುಪು ಬೆಳ್ಳಿಯಲ್ಲಿ ಮೂಡುತ್ತದೆ. ಕಾರ್ಡ್ ಅನ್ನು ಸ್ವಲ್ಪ ಸ್ವಲ್ಪ ವಾಲಿಸುತ್ತಾ ಹೋದರೆ ಒಂದು ಕೋನದಲ್ಲಿ ಕೆತ್ತನೆಯ ಬಳ್ಳಿ, ಸರಪಳಿಯ ಕೊಂಡಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಮೊಬೈಲ್ ಟಾರ್ಚ್ ಅನ್ನು ಸಾಫ್ಟ್‌ಬಾಕ್ಸ್‌ನ ಮುಂದೆ ಹಿಡಿದು ಮೊದಲೇ ಆ ಕೋನ ಹುಡುಕಿಕೊಳ್ಳಬಹುದು. ಹೆಂಗಸರ ಕೊರಳ ಒಡವೆಗಳಾದ ಜೋಮಾಲೆ, ಕೊಕ್ಕೆತಾತಿಗೂ ಇದೇ ಉಪಾಯ. ಚಿನ್ನಕ್ಕೆ ಬಿಳಿ ಕಾರ್ಡ್ ಬದಲು ತಿಳಿ ಹಳದಿ ಕಾಗದ ಇಟ್ಟರೆ ಬಣ್ಣ ಬಿಳಿಚುವುದಿಲ್ಲ.

ಕೊಡವ ಸೀರೆಯ ನೆರಿಗೆ ಹಿಂದೆ, ಸೆರಗು ಎಡತೋಳಿನ ಕೆಳಗಿಂದ ಬಂದು ಬಲಹೆಗಲ ಮೇಲೆ ಸೇರುತ್ತದೆ. ಎದುರಿನಿಂದ ತೆಗೆದರೆ ಉಡುಗೆಯ ವೈಶಿಷ್ಟ್ಯವೇ ಕಾಣದು. ನಿಲ್ಲಿಸಿ, ಬಲಹೆಗಲನ್ನು ಕ್ಯಾಮೆರಾಕ್ಕೆ ಕೊಟ್ಟು, ಬೆನ್ನು ಅರೆ ತಿರುಗಿ, ಮುಖ ಹಿಂತಿರುಗಿ ನೋಡುವಂತೆ ಮಾಡಿ. ಹೆಗಲ ಮೇಲಿನ ಬೆಳಕು ಆಮೇಲೆ ನೆರಿಗೆಗಳ ಮೇಲೆ ಬದಿಯಿಂದ ಹಾಯಬೇಕು: ಎರಡನೇ ಫ್ಲ್ಯಾಶ್ ಅನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಪ್ರತಿ ನೆರಿಗೆಗೂ ಒಂದು ಬೆಳಕಿನ ಬದಿ, ಒಂದು ನೆರಳಿನ ಬದಿ ಬರುತ್ತದೆ. ತಲೆಗೆ ವಸ್ತ್ರ ಕಟ್ಟಿಲ್ಲದಿದ್ದರೆ ಕಪ್ಪು ಕೂದಲು ಪರದೆಯಲ್ಲಿ ಮುಳುಗುತ್ತದೆ. ಆಗ ಮೂರನೇ ಫ್ಲ್ಯಾಶ್ ಬೇಕೇ ಬೇಕು, ತಲೆಯ ಹಿಂದೆ ಮೇಲಿನಿಂದ, 1/64.

ತೂಗುದೀಪ ಇಟ್ಟುಕೊಂಡು

ಐನ್‌ಮನೆಯ ನಡುಕೋಣೆಯ ತೂಗುದೀಪವೂ ಚಿತ್ರದಲ್ಲಿ ಇರಲಿ ಎನ್ನುವವರಿಗೆ ಮೇಲಿನ ಸೆಟ್ಟಿಂಗ್ ನಡೆಯದು, 1/200ರಲ್ಲಿ ಎಣ್ಣೆದೀಪ ಕಿಡಿಯಷ್ಟೇ ಕಾಣುತ್ತದೆ. ಐಎಸ್‌ಒ 400, ಎಫ್ 4, ಶಟರ್ 1/30ಕ್ಕೆ ಬನ್ನಿ, ಕ್ಯಾಮೆರಾ ಟ್ರೈಪಾಡ್ ಮೇಲೆ. ಫ್ಲ್ಯಾಶ್‌ಗೆ ಇದು ಮೂರು ಸ್ಟಾಪ್ ಹೆಚ್ಚಾದಂತೆ, ಹಾಗಾಗಿ 1/8 ಇದ್ದದ್ದು 1/64 ಆಗಬೇಕು. ಫ್ಲ್ಯಾಶ್‌ನ ಬಿಳಿ ಬೆಳಕು ದೀಪದ ಕೆಂಬಣ್ಣದ ಪಕ್ಕ ನೀಲಿಯಾಗಿ ಕಾಣುತ್ತದೆ. ಫ್ಲ್ಯಾಶ್ ಮುಂದೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಕಿತ್ತಳೆ ಬಣ್ಣಕ್ಕೆ ತರುವ ಹಾಳೆ) ಅಂಟಿಸಿ, ವೈಟ್ ಬ್ಯಾಲೆನ್ಸ್ ಅನ್ನು 4000 ಕೆಲ್ವಿನ್ ಆಸುಪಾಸಿಗೆ ತನ್ನಿ. ಜೆಲ್ ಸ್ವಲ್ಪ ಬೆಳಕು ತಿನ್ನುವುದರಿಂದ ಪವರ್ 1/32 ಬೇಕಾಗಬಹುದು. ಮುಖದ ಬೆಳಕು ದೀಪವಿರುವ ದಿಕ್ಕಿನಿಂದಲೇ ಬರಲಿ. ಎಡಕ್ಕೆ ದೀಪ ಉರಿಯುತ್ತಿದ್ದು ಬಲಗೆನ್ನೆ ಬೆಳಗಿದ್ದರೆ ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ.

ಕೈಕೊಡುವ ಕಡೆಗಳು

ಒಂದು ಚಿತ್ರ ಸರಿ, ಮುಂದಿನದು ಕತ್ತಲು ಎಂದಾದರೆ ಫ್ಲ್ಯಾಶ್ ಪೂರ್ತಿ ತುಂಬುವ ಮೊದಲೇ ಕ್ಲಿಕ್ ಆಗಿದೆ. ರೆಡಿ ದೀಪ ಬಂದ ಮೇಲೂ ಒಂದು ಸೆಕೆಂಡ್ ತಡೆಯಿರಿ. ಒಂದು ಫ್ಲ್ಯಾಶ್ ಹೊಡೆಯುವುದೇ ಇಲ್ಲವೆಂದರೆ ಅದು ನಿದ್ದೆಗೆ ಹೋಗಿರಬಹುದು, ಮೆನುವಿನಲ್ಲಿ ಸ್ಲೀಪ್ ಆಫ್ ಮಾಡಿ. ಮದುವೆ ಮನೆಯಲ್ಲಿ ನಿಮ್ಮ ಫ್ಲ್ಯಾಶ್ ತಾನಾಗಿ ಹೊಡೆದರೆ ಬೇರೆ ಫೋಟೋಗ್ರಾಫರ್ ಕೂಡ ಅದೇ ಕಂಪನಿಯ ಟ್ರಿಗರ್, ಅದೇ ಚಾನೆಲ್ ಇಟ್ಟಿದ್ದಾರೆ, ಚಾನೆಲ್ ಬದಲಿಸಿ.

ಹಣೆ ಎಣ್ಣೆ ಹಚ್ಚಿದಂತೆ ಹೊಳೆಯುವುದು ಪವರ್ ಇಳಿಸಿದರೆ ಹೋಗುವುದಿಲ್ಲ. ಟಿಶ್ಯೂ ಪೇಪರ್ ಒತ್ತಿ ತೆಗೆಯಿರಿ, ಉಜ್ಜಬೇಡಿ, ಉಜ್ಜಿದರೆ ಚರ್ಮ ಕೆಂಪಾಗುತ್ತದೆ. ಕುಪ್ಯದ ಮೇಲಿನ ನೂಲು, ಕೂದಲು, ಬೆಕ್ಕಿನ ರೋಮ ಹಿಂಬೆಳಕಿನಲ್ಲಿ ತಂತಿಯಂತೆ ಹೊಳೆಯುತ್ತವೆ. ಅಗಲದ ಸೆಲ್ಲೋಟೇಪ್ ಅನ್ನು ಅಂಗೈಗೆ ತಿರುಗಿಸಿ ಸುತ್ತಿ ಹೆಗಲಿಗೆ ತಟ್ಟಿ ತೆಗೆದರೆ ಕಂಪ್ಯೂಟರ್ ಮುಂದಿನ ಒಂದು ಗಂಟೆ ಉಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ಕಾಟ ಬೇರೆ. ಬೆಚ್ಚನೆಯ ಒಲೆ ಇರುವ ಮನೆಯೊಳಗೆ ಹೊರಗಿನ ಥಂಡಿಯಿಂದ ಕ್ಯಾಮೆರಾ ತಂದ ಕೂಡಲೇ ಬ್ಯಾಗ್ ತೆರೆದರೆ ಲೆನ್ಸ್ ಮಂಜು ಹಿಡಿಯುತ್ತದೆ. ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಪರದೆ ಕಟ್ಟಿಕೊಳ್ಳಬಹುದು. ಮಬ್ಬು ಹಿಡಿದ ಲೆನ್ಸ್ ಮೊದಲು ಹಾಳುಮಾಡುವುದು ಕಪ್ಪನ್ನೇ. ಕೆಲಸ ಮುಗಿದ ಮೇಲೆ ಫ್ಲ್ಯಾಶ್‌ನ ಸೆಲ್ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಕಾಂಟ್ಯಾಕ್ಟ್‌ಗೆ ಹಸಿರು ಹಿಡಿಯುತ್ತದೆ. ಲೆನ್ಸ್‌ಗಳು ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿರಲಿ, ಒಳಗೆ ತೇವಾಂಶದ ಮೀಟರ್ ಇಟ್ಟು ಶೇ 40-50ರ ನಡುವೆ ನೋಡಿಕೊಳ್ಳಿ. ಮಡಿಕೇರಿ, ಭಾಗಮಂಡಲದಂಥ ಕಡೆ ಕಪಾಟಿನಲ್ಲಿ ಹಾಗೇ ಬಿಟ್ಟ ಲೆನ್ಸ್‌ಗೆ ಒಂದೇ ಮಳೆಗಾಲದಲ್ಲಿ ಬೂಸ್ಟು ಬರಬಹುದು. ಮಖಮಲ್ ಪರದೆಯನ್ನೂ ಒಣಗಿಸಿಯೇ ಸುತ್ತಿಡಿ, ಬೂಸ್ಟಿನ ಬೂದು ಕಲೆಗಳು ಆಮೇಲೆ ಹೋಗುವುದಿಲ್ಲ.

ಗೋಡೆಗೆ ಹೋಗುವ ಮೊದಲು

ಈ ಚಿತ್ರಗಳ ಕೊನೆಯ ಜಾಗ ಐನ್‌ಮನೆಯ ಗೋಡೆ. ಮೊಬೈಲ್‌ನಲ್ಲಿ ಚೆಂದ ಕಂಡದ್ದು ಕಾಗದದಲ್ಲಿ ಕತ್ತಲಾಗಿ ಬರುತ್ತದೆ, ಏಕೆಂದರೆ ಮೊಬೈಲ್ ಸ್ಕ್ರೀನ್ ಬೆಳಕು ಚೆಲ್ಲುತ್ತದೆ, ಕಾಗದ ಕೋಣೆಯ ಬೆಳಕನ್ನಷ್ಟೇ ತಿರುಗಿಸುತ್ತದೆ. ಎಡಿಟ್ ಮಾಡುವಾಗ ಮಾನಿಟರ್‌ನ ಹೊಳಪು ಅರ್ಧಕ್ಕೆ ಇಳಿಸಿಕೊಳ್ಳಿ. ಕುಪ್ಯದ ಮಡಿಕೆ ಆಗಲೂ ಕಾಣದಿದ್ದರೆ ಇಡೀ ನೆರಳನ್ನು ಎತ್ತಬೇಡಿ, ಎತ್ತಿದರೆ ಪರದೆಯೂ ಜೊತೆಗೆ ಬೂದಾಗಿ ಏಳುತ್ತದೆ. ಮಾಸ್ಕ್ ಹಾಕಿ ಕುಪ್ಯವನ್ನು ಮಾತ್ರ ಅರ್ಧ ಸ್ಟಾಪ್ ಎತ್ತಿ. ಮೊದಲು ಒಂದು ಚಿಕ್ಕ 4×6 ಇಂಚಿನ ಪ್ರಿಂಟ್ ತೆಗೆಸಿ, ಅದನ್ನು ಚಿತ್ರ ತೂಗುವ ಗೋಡೆಯ ಮುಂದೆಯೇ ಹಿಡಿದು ನೋಡಿ. ಹಳೆ ಮನೆಯ ಒಳಗೋಡೆಗೆ ಬೀಳುವ ಬೆಳಕು ಕಡಿಮೆ, ಅಲ್ಲಿ ಮ್ಯಾಟ್ ಕಾಗದದ ಕಪ್ಪು ಸತ್ತಂತೆ ಕಾಣುತ್ತದೆ. ಲಸ್ಟರ್ ಕಾಗದದಲ್ಲಿ ಕಪ್ಪು ಆಳವಾಗಿ ಉಳಿಯುತ್ತದೆ, ಗ್ಲಾಸಿಯಷ್ಟು ಎದುರಿನ ಬಾಗಿಲನ್ನು ಪ್ರತಿಫಲಿಸುವುದೂ ಇಲ್ಲ. ಆ ಚಿಕ್ಕ ಪ್ರಿಂಟ್‌ನಲ್ಲಿ ಎಡಹೆಗಲು, ಬಲಹೆಗಲು ಎರಡೂ ಎಲ್ಲಿ ಮುಗಿಯುತ್ತವೆ ಎಂದು ಬೆರಳಿಟ್ಟು ತೋರಿಸಲು ಆದರೆ 12×18ಕ್ಕೆ ಕೊಡಿ.